ತೇವಕ್ಕೆ ತಲೆಬಾಗದ ಬಸ್ಯೂನಿ

ಉಸ್ತಾ ಬಸ್ಯೂನಿ ಯಾವ ಪ್ರಶ್ನೆಗೂ ತಕ್ಷಣ ಉತ್ತರಿಸಿದವರಲ್ಲ. ಮೊದಲು ಮೂಗನ್ನು ಕಡಲಿನತ್ತ ಎತ್ತಿ ಗಾಳಿಯನ್ನು ಆಘ್ರಾಣಿಸಿ, ಅದರಲ್ಲಿ ನೀರಿನಂಶ ಎಷ್ಟಿದೆಯೆಂದು ಮನಸ್ಸಿನಲ್ಲೇ ತೂಗಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ಅಲೆಕ್ಸಾಂಡ್ರಿಯದ ಕಾಲುವೆ ದಂಡೆಯ ಎರಕದ ಕಾರ್ಖಾನೆಯಲ್ಲಿ ನಾನು ನಕ್ಷೆ ಬರೆಯುತ್ತಿದ್ದ ಹನ್ನೊಂದು ವರ್ಷಗಳಲ್ಲಿ, ಎಲ್ಲರೂ ಗೌರವದಿಂದ 'ಉಸ್ತಾ' ಎನ್ನುತ್ತಿದ್ದ ಈ ಮೇಸ್ತ್ರಿಯ ಕಂದು ಉಣ್ಣೆಯ ಕೋಟು ಬೇಸಗೆಯಲ್ಲೂ ಮೈಯಿಂದ ಇಳಿದದ್ದನ್ನು ಕಾಣೆ. ಎಡಹುಬ್ಬು ಇರಲಿಲ್ಲ. ಯೌವನದಲ್ಲಿ, ತೇವ ಕುಡಿದ ಮರಳು ಕಾದ ಕಬ್ಬಿಣ ತಾಗಿ ಸಿಡಿದಾಗ ಹೋದದ್ದು ಅದು. ಪಕ್ಕದಲ್ಲಿದ್ದ ಗೆಳೆಯನ ಕಣ್ಣುಗಳೇ ಹೋದವು.

ನಾವು ಎರಕ ಹೊಯ್ಯುತ್ತಿದ್ದ ಪಂಪಿನ ಒಡಲು ಟೊಳ್ಳಾಗಿ ಬರಲೆಂದು ಅಚ್ಚಿನೊಳಗಿಡುವ, ಅಂಟು ಬೆರೆಸಿ ಗಟ್ಟಿಮಾಡಿದ ಮರಳಿನ ಕೋರುಗಳು ಕಡಲಗಾಳಿಯಲ್ಲಿ ಮೂರೇ ದಿನಕ್ಕೆ ಮೆತ್ತಗಾಗುತ್ತಿದ್ದವು. ಅದಕ್ಕೇ ಬಸ್ಯೂನಿ ಪ್ರತಿಯೊಂದಕ್ಕೂ ಸ್ಪಿರಿಟ್ಟಿನಲ್ಲಿ ಕಲಸಿದ ಜಿರ್ಕಾನ್ ಎಂಬ ಖನಿಜದ ಪುಡಿಯನ್ನು ಕುಂಚದಿಂದ ಬಳಿದು, ಕಡ್ಡಿ ಗೀರಿ, ನೀಲಿ ಜ್ವಾಲೆ ತಾನಾಗಿ ಆರುವವರೆಗೆ ಕಾಯುತ್ತಿದ್ದರು. ವಿಭಾಗದ ಉಸ್ತುವಾರಿಗೆ ಹೊಸದಾಗಿ ಬಂದ ಕಿರಿಯ ಇಂಜಿನಿಯರ್ ವಗ್ದಿಗೆ ಇದು ಕಾಲಹರಣವೆನಿಸಿತು.

"ಮರಳಿಗೆ ಮದರಂಗಿ ಹಚ್ಚಿದ್ದು ಸಾಕು ಉಸ್ತಾ, ಅದಕ್ಕೇನು ಮದುವೆ ಮಾಡ್ತೀರಾ?" ಎಂದು ಲೇವಡಿ ಮಾಡಿ, ಬಳಿಯುವುದನ್ನೇ ನಿಲ್ಲಿಸಿಬಿಟ್ಟ.

ನವೆಂಬರಿನಲ್ಲಿ, ಊರವರು 'ಪೊರಕೆ' ಎಂದು ಕರೆಯುವ ಬಿರುಗಾಳಿಯೆದ್ದು ನಾಲ್ಕು ದಿನ ಮಳೆ ಬಡಿಯಿತು. ಐದನೆಯ ಬೆಳಿಗ್ಗೆ ಬಳಿಯದ ಕೋರುಗಳನ್ನೇ ಒಳಗಿಟ್ಟು ಅಚ್ಚು ಮುಚ್ಚಿದ್ದರು. ಕರಗಿದ ಕಬ್ಬಿಣದ ಬಾನಿ ಸರಪಳಿಯಲ್ಲಿ ತೂಗುತ್ತ ಬರುತ್ತಿತ್ತು. ಬಸ್ಯೂನಿ ನಿಧಾನವಾಗಿ ನಡೆದುಹೋಗಿ, ಕಾಫಿಯಂಗಡಿಯ ಕುರ್ಚಿಯಲ್ಲೆಂಬಂತೆ, ಅಚ್ಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಕುಳಿತರು.

"ಏಳ್ರೀ ಮೇಲೆ! ಕಬ್ಬಿಣ ಆರ್ತಾ ಇದೆ!" ವಗ್ದಿ ಕಿರುಚಿದ.

"ಆರ್ಲಿ ಬಿಡಿ ಇಂಜಿನಿಯರ್ ಸಾಹೇಬ್ರೇ. ಆರಿದ ಕಬ್ಬಿಣ ಮತ್ತೆ ಕರಗುತ್ತೆ. ಹೋದ ಕಣ್ಣು ಮತ್ತೆ ಬರುತ್ತಾ?"

"ಕೆಲಸದಿಂದ ಕಿತ್ತುಹಾಕ್ತೀನಿ!"

"ಹಾಕಿ. ಮೊದ್ಲು ಇದನ್ನ ಒತ್ತಿ ನೋಡಿ."

ಕೋಟಿನ ಜೇಬಿನಿಂದ ಎರಡು ಪುಟ್ಟ ಕೋರುಗಳು ಹೊರಬಂದವು; ಒಂದೇ ದಿನ ಮಾಡಿದವು, ನಾಲ್ಕೂ ದಿನ ಒಂದೇ ಕಿಟಕಿಯಲ್ಲಿದ್ದವು. ಬಳಿಯದ್ದು ವಗ್ದಿಯ ಹೆಬ್ಬೆರಳಿಗೆ ನೆನೆದ ರೊಟ್ಟಿಯಂತೆ ಕುಸಿಯಿತು. ಬಳಿದದ್ದನ್ನು ಬಸ್ಯೂನಿ ಅಚ್ಚಿನ ಚೌಕಟ್ಟಿಗೆ ಕುಟ್ಟಿದರು, ಟಣ್ಣೆಂದಿತು. ಬಾನಿ ಹಿಡಿದವರು ಯಾರನ್ನೂ ಕೇಳದೆ ತಿರುಗಿ, ಕಬ್ಬಿಣವನ್ನು ಒಣ ಗುಂಡಿಗೆ ಸುರಿದರು.

ವಗ್ದಿ ಮಾತಿಗೆ ತಪ್ಪಲಿಲ್ಲ, ಬಸ್ಯೂನಿಯವರನ್ನು ಅಂದೇ ಕೆಲಸದಿಂದ ಹೊರಗೆ ಕಳಿಸಿದ. ಮರುದಿನ ಬಸ್ಯೂನಿ ಎಂದಿನ ವೇಳೆಗೆ ಬಂದು ಬಳಿಯತೊಡಗಿದರು. ತಡೆಯಲು ಬಂದ ವಗ್ದಿ ಬಳಿದ ಕೋರೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಸ್ಪಿರಿಟ್ಟು ಎಷ್ಟು ಬೇಕು?" ಎಂದಷ್ಟೇ ಕೇಳಿದ.

"ಎರಡು ಡಬ್ಬ. ಇನ್ನೊಂದು ಕುಂಚಾನೂ ತರಿಸಿ, ನೀವೂ ಬಳೀಬೇಕಲ್ಲ."

ಕೈಯಿಂದ ಲೋಕವನ್ನರಿತವರ ವಿನಯದ ಬಗೆಯೇ ಬೇರೆ. ಮರಳಿಗೆ, ಬೆಂಕಿಗೆ, ಗಾಳಿಗೆ ಅವರು ಜೀವನಪರ್ಯಂತ ಶಿಷ್ಯರು. ಅಂಥ ಗುರುಗಳಿಗೆ ಬಾಗಿದ ಬೆನ್ನು ಮೇಲಧಿಕಾರಿಯ ಗದರಿಕೆಗೂ ಬಾಗಬೇಕಾದ ಅಗತ್ಯವನ್ನು ಕಾಣುವುದೇ ಇಲ್ಲ.