ದೋಣಿಯ ಕಕ್ಕಸಿನ ರಬ್ಬರು

"ಸಿಕ್ತಾ ಟೀ ಚರಟ?" ಎಂದು ಅಪ್ಪ ಬಾಗಿಲಾಚೆಯಿಂದ ಮೂರನೆಯ ಸಲ ಕೇಳಿದ.

ಪ್ರವಾಸಿ ದೋಣಿಯ ಕಕ್ಕಸೆಂದರೆ ಒಬ್ಬರು ಕೂತರೆ ಇನ್ನೊಬ್ಬರ ಉಸಿರಿಗೂ ಜಾಗವಿಲ್ಲದ ಗೂಡು. ಮಗಳು ಮಂಡಿಯೂರಿ ಕಮೋಡಿನ ಹಿಂದಕ್ಕೆ ತಲೆ ತೂರಿಸಿದ್ದಳು. ಹೊಳೆನೀರು ಒಳಬರುವ ನಲ್ಲಿಯನ್ನು ಮೊದಲೇ ಬಿಗಿದಿದ್ದಳು. ಇಲ್ಲದಿದ್ದರೆ ಪೈಪು ಕಳಚಿದ ಕೂಡಲೇ ಹೊಳೆಯೇ ಒಳಗೆ ಬರುತ್ತದೆ. ಕೈಪಂಪನ್ನು ಎಷ್ಟು ಒತ್ತಿದರೂ ಹೋದದ್ದೆಲ್ಲ ಬುಳಬುಳನೆ ಮೇಲೆ ಬರುವುದು ಈ ವರ್ಷ ಇದು ಮೂರನೆಯ ಬಾರಿ. ಹಿಂದಿನ ಎರಡು ಸಲ ಅಪ್ಪನೇ ಬಿಚ್ಚಿ, ಪೈಪಿನೊಳಗಿನ ಹಳೆಯ ರಬ್ಬರನ್ನು ನೋಡದೆಯೇ ನೀರಿಗೆಸೆದು ಹೊಸದು ಕೂರಿಸಿದ್ದ. ಈಗ ಅವನ ಸೊಂಟ ಹಿಡಿದುಕೊಂಡಿತ್ತು.

ಮೊನ್ನೆ ಪ್ರವಾಸಿಗರೆಲ್ಲ ಕೂತಿದ್ದಾಗಲೇ ಅವನು ತನ್ನ ಅಕ್ಕನ ಮೇಲೆ ಹರಿಹಾಯ್ದಿದ್ದ: "ಅಡುಗೆಮನೆ ಕಸನೆಲ್ಲ ಕಕ್ಕಸಿಗೆ ಸುರೀತೀಯ! ಸೋಂಬೇರಿ!" ಹತ್ತು ವರ್ಷದಿಂದ ಈ ದೋಣಿಯ ಒಲೆ ನೋಡಿಕೊಂಡಿದ್ದ ಅತ್ತೆ ಸೌಟು ತೊಳೆದು ನೇತುಹಾಕಿ, "ಆ ಮಾತು ವಾಪಸ್ ತಗೊಳ್ಳೋವರೆಗೂ ಈ ದೋಣಿ ತುಳಿಯಲ್ಲ" ಎಂದು ಇಳಿದು ಹೋಗಿದ್ದಳು. ಮಗಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅತ್ತೆಯೊಬ್ಬಳ ಹತ್ತಿರ. ಎರಡು ದಿನದಿಂದ ಮಗಳ ಬಾಯಿಗೆ ಬೀಗ ಬಿದ್ದಿತ್ತು.

ರಬ್ಬರು ಕೈಗೆ ಬಂತು. ಒಳಹೋದದ್ದು ಮರಳದಂತೆ ಬಿಗಿಯಾಗಿ ಮುಚ್ಚಬೇಕಾದ ಅದರ ತುಟಿ ಬಾತು ಜೋಲುಬಿದ್ದಿತ್ತು. ಪೈಪಿನೊಳಗೆಲ್ಲ ಬೆರಳಾಡಿಸಿದಳು, ಚರಟದ ಒಂದು ಕಣವೂ ಇಲ್ಲ. ಆದರೆ ಅಲ್ಲಿರಬೇಕಾದ ವಾಸನೆಗಳ ನಡುವೆ ಅಲ್ಲಿರಬಾರದ ಒಂದು ವಾಸನೆ ಎದ್ದು ಬಂತು. ಇಂಜಿನ್ ಆಯಿಲ್. ಪ್ರತಿ ಸೋಮವಾರ ಅಪ್ಪ ಇಂಜಿನ್ನಿಗೆ ಎಣ್ಣೆ ಹಾಕಿ, "ಪಾಪ, ಇದೂ ದುಡಿಯುತ್ತೆ" ಎಂದು ಕಮೋಡಿಗೂ ಅರ್ಧ ಲೋಟ ಸುರಿದು ಪಂಪು ಹೊಡೆಯುತ್ತಿದ್ದ.

ಹೊರಬಂದಳು.

"ಸಿಕ್ತೇನೇ?"

"ಇಲ್ಲ."

"ಓದಿದವಳು ನೀನು, ಒಂದು ಚಿಟಿಕೆ ಚರಟ ಹುಡುಕೋಕಾಗಲ್ವಾ?"

ಅವಳು ಹಳೆಯ ರಬ್ಬರನ್ನು ಅವನ ಒಂದು ಅಂಗೈಯಲ್ಲಿ, ಹೊಸದನ್ನು ಇನ್ನೊಂದರಲ್ಲಿ ಇಟ್ಟಳು. "ಮೂಸಿ ನೋಡು."

"ಥೂ! ಕಕ್ಕಸಿಂದ ತೆಗೆದದ್ದನ್ನ ಮೂಸೋದಾ?"

"ಮೂಸಪ್ಪಾ." ಅವಳ ದನಿ ಅವಳಿಗೇ ಜೋರೆನಿಸಿತು.

ಮೂವತ್ತು ವರ್ಷ ಇಂಜಿನ್ನಿನ ಜೊತೆ ಬದುಕಿದವನಿಗೆ ಎರಡನೆಯ ಸಲ ಮೂಸಬೇಕಾಗಲಿಲ್ಲ.

"ರಬ್ಬರಿಗೆ ಆಯಿಲ್ ಆಗಲ್ಲ, ಬಾತ್ಕೊಳ್ಳುತ್ತೆ. ಅತ್ತೆ ಏನೂ ಸುರಿದಿಲ್ಲ."

"ಮೂರೂ ಸಲ ನಾನೇನಾ?"

"ಹೂಂ."

"ಮೊದಲೇ ಬೊಗಳೋಕೇನಾಗಿತ್ತು?"

"ಮೊದಲು ನಂಗೆ ಪೈಪು ಬಿಚ್ಚೋಕೆಲ್ಲಿ ಬಿಟ್ಟಿದ್ದೆ?"

ಅಪ್ಪ ಕೈ ತೊಳೆದು, ಸೊಂಟ ಹಿಡಿದುಕೊಂಡು ದಡಕ್ಕಿಳಿದ. ಅವಳು ಹೊಸ ರಬ್ಬರು ಕೂರಿಸಿ, ನಲ್ಲಿ ತೆರೆದು, ಹತ್ತು ಸಲ ಪಂಪು ಒತ್ತಿದಳು. ಹೋದ ನೀರು ಹೋದಲ್ಲೇ ಉಳಿಯಿತು.

ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಕಾಣಿಸಿದರು. ಅತ್ತೆ ಮುಂದೆ, ಅಪ್ಪ ನಾಲ್ಕು ಹೆಜ್ಜೆ ಹಿಂದೆ. ಕಟ್ಟೆಗೂ ದೋಣಿಗೂ ನಡುವೆ ಒಂದು ಹೆಜ್ಜೆಯಷ್ಟು ನೀರು. ಮನೆಯವರು ದಿನವೂ ದಾಟಿಕೊಂಡೇ ಬರುವುದು. ಹಲಗೆ ಹಾಕುವುದು ಪ್ರವಾಸಿಗರಿಗೆ ಮಾತ್ರ. ಅಪ್ಪ ಸರಸರನೆ ಮುಂದೆ ಬಂದು ಹಲಗೆ ಎಳೆದು ಹಾಕಿ, ಅದರ ತುದಿಯನ್ನು ಕಾಲಿನಿಂದ ಒತ್ತಿ ನಿಂತ.

"ಮಾತು ವಾಪಸ್ ತಗೊಂಡೆಯಲ್ಲ, ಮತ್ತೆ ಇದೇನೋ ಇದು, ನಾನೇನು ಮುದುಕೀನಾ?"

"ಅಲುಗಾಡುತ್ತೆ ಅಕ್ಕಾ. ನಿಧಾನಕ್ಕೆ ಬಾ."

ಅತ್ತೆ ದಾಟಿ ಬಂದು ಒಳಗೆ ಹೋಗಿ ಒಲೆ ಹಚ್ಚಿದಳು. ಅಪ್ಪ ಇನ್ನೂ ಹಲಗೆಯ ಮೇಲಿಂದ ಕಾಲು ತೆಗೆದಿರಲಿಲ್ಲ.