ಐಶ್ವರ್ಯಾಳನ್ನು ಎಚ್ಚರವಿದ್ದಾಗ ನೋಡಿ

ಮೊಮ್ಮಗಳನ್ನು ದವಾಖಾನೆಗೆ ಕರೆದೊಯ್ಯುವ ದಿನ ಯಾವಗಲ್ ಊರಿನ ಮಾನವ್ವನಿಗೆ ಒಂದೇ ಅವಸರ. ಬಸ್ಸು ಬರುವುದರೊಳಗೆ ಹುಡುಗಿ ಮಲಗಿರಬೇಕು. ಅದಕ್ಕಾಗಿ ಬಿಸಿನೀರು ಹಾಕಿ ಮೈ ತೊಳೆದು, ಹೊಟ್ಟೆ ತುಂಬ ಹಾಲು ಅನ್ನ ಉಣಿಸಿ, ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು.

ಒಂಬತ್ತು ವರ್ಷದ ಐಶ್ವರ್ಯಾ ಎಚ್ಚರವಿದ್ದರೆ ಕುತ್ತಿಗೆ ಒಂದು ಕಡೆ ತಿರುಚುತ್ತಿತ್ತು. ಬೆನ್ನು ಹಿಂದಕ್ಕೆ ಬಿಲ್ಲಾಗುತ್ತಿತ್ತು. ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಆರನೇ ವಯಸ್ಸಿನಲ್ಲಿ ಬಲಗಾಲು ಒಳಕ್ಕೆ ತಿರುಗುವುದರಿಂದ ಶುರುವಾದದ್ದು ಈಗ ಮೈಯೆಲ್ಲ ಹಿಡಿದಿತ್ತು. ಬಸ್ಸಿನ ಜನ ಕತ್ತು ಹೊರಳಿಸಿ ನೋಡುವುದು ಮಾನವ್ವನಿಗೆ ಸಹಿಸಲಾಗುತ್ತಿರಲಿಲ್ಲ. ನಿದ್ದೆ ಹತ್ತಿತೆಂದರೆ ಮಾತ್ರ ಎಲ್ಲ ಶಾಂತ.

ಡಾಕ್ಟರು ನೋಡುತ್ತಿದ್ದುದು ಹೀಗೆ ಮಲಗಿದ್ದ ಹುಡುಗಿಯನ್ನು. "ಎದ್ದಾಗ ಹೇಗಿರುತ್ತಾಳೆ?" ಎಂದು ಕೇಳಿದರೆ ಮಾನವ್ವ ಮುಂದೆ ಬಿದ್ದು, "ಒಂದೀಟು ಹಟಾ ಮಾಡ್ತಾಳ್ರಿ, ಮತ್ತೇನಿಲ್ಲ" ಅನ್ನುತ್ತಿದ್ದಳು. ಸೊಸೆ ಅನ್ನಪೂರ್ಣಾ ಬಾಯಿ ತೆರೆದರೆ ಸೆರಗು ಜಗ್ಗುತ್ತಿದ್ದಳು. ಹೆಣ್ಣು ಮಗು, ಇಂಥದ್ದನ್ನೆಲ್ಲ ಹೇಳಿಕೊಂಡರೆ ನಾಳೆ ಮದುವೆಗೆ ಯಾರು ಕೇಳಿಯಾರು ಎಂಬ ಭಯ. ಎರಡು ಕಡೆ ತೋರಿಸಿದರು. ಎರಡೂ ಕಡೆ ಶಕ್ತಿಯ ಔಷಧಿ ಕೊಟ್ಟು ಕಳಿಸಿದರು.

ಒಂದು ಮುಂಜಾನೆ ಆಶಾ ಕಾರ್ಯಕರ್ತೆ ಆಸಿಫಾ ಪೋಲಿಯೊ ಹನಿಯ ಪಟ್ಟಿ ಹಿಡಿದು ಒಳಗೆ ಬಂದಳು. ಐಶ್ವರ್ಯಾ ಕಂಬಳಿಯ ಮೇಲೆ ತಿರುಚಿಕೊಳ್ಳುತ್ತಿದ್ದಳು. ಮಾನವ್ವ ಅವಳ ಎರಡೂ ಮೊಣಕಾಲುಗಳನ್ನು ಅದುಮಿ ಹಿಡಿದಿದ್ದಳು.

"ಮಾನವ್ವಕ್ಕ, ಇದನ್ನ ಡಾಕ್ಟರ್ ನೋಡ್ಯಾರೇನು?"

"ನೋಡ್ಯಾರ. ಆವಾಗ ಮಕ್ಕೊಂಡಿದ್ಲು."

"ಮಕ್ಕೊಂಡಾಗ ಏನ್ ನೋಡ್ತಾರ? ಟ್ರ್ಯಾಕ್ಟರ್ ಹೊಗಿ ಬಿಡ್ತೈತಿ ಅಂತ ಮೇಸ್ತ್ರಿ ಕಡೆ ಒಯ್ದು, ಬಂದ್ ಮಾಡಿ ತೋರಿಸಿದಂಗಾತು."

"ನನ್ನ ಮೊಮ್ಮಗಳು ಟ್ರ್ಯಾಕ್ಟರ್ ಏನವ್ವ?"

"ಅಲ್ಲ ಬಿಡ್ರಿ. ಟ್ರ್ಯಾಕ್ಟರ್ ಆಗಿದ್ರ ಮೂರು ವರ್ಷ ಹಿಂಗ ಬಿಡ್ತಿದ್ದಿಲ್ಲ ನೀವು."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅನ್ನಪೂರ್ಣಾಳ ಕೈ ನಿಂತಿತು. ಆಸಿಫಾ ಅವಳ ಕಡೆ ತಿರುಗಿದಳು. "ನಿನ್ನ ಮೊಬೈಲ್ ತಗಿ. ಈಕಿ ಕುಂತಾಗ, ಉಣ್ಣುವಾಗ, ನಡಿಯಾಕ ಹೋದಾಗ ಒಂದೊಂದು ನಿಮಿಷ ವಿಡಿಯೋ ಮಾಡು."

"ಬ್ಯಾಡ!" ಮಾನವ್ವ ಅಡ್ಡ ಬಂದಳು. "ಮಂದಿ ಮೊಬೈಲಿನಾಗ ನನ್ನ ಕೂಸು ತಮಾಷಿ ಆಗಬೇಕೇನು?"

"ಡಾಕ್ಟರಿಗೆ ಬಿಟ್ರ ಯಾರಿಗೂ ತೋರ್ಸೂದಿಲ್ಲ. ಆದ್ರ ಈ ಬೆನ್ನು ನೋಡ್ರಿ. ಇವತ್ತು ಬಾಗಿ ವಾಪಸ್ ಬರ್ತೈತಿ. ಹಂಗ ಬಿಟ್ರ ಎಲುಬು ಬಾಗಿದಲ್ಲೇ ನಿಂತಬಿಡ್ತೈತಿ."

ಮಾನವ್ವ ಪಕ್ಕಕ್ಕೆ ಸರಿದಳು. ಎಣ್ಣೆ ಹಚ್ಚುವಾಗ ಬೆನ್ನೆಲುಬಿನ ಗೆರೆ ಸೊಟ್ಟಗಾಗುತ್ತಿರುವುದು ಅವಳ ಬೆರಳಿಗೆ ಆರು ತಿಂಗಳಿಂದ ಗೊತ್ತಿತ್ತು. ಬಾಯಿಂದ ಯಾರಿಗೂ ಹೇಳಿರಲಿಲ್ಲ.

ಅನ್ನಪೂರ್ಣಾ ನಾಲ್ಕು ವಿಡಿಯೋ ಮಾಡಿದಳು. ಹುಬ್ಬಳ್ಳಿಯ ನರರೋಗ ವೈದ್ಯೆ ಅವನ್ನು ಎರಡೆರಡು ಸಲ ನೋಡಿದರು. "ಇದು ಹಟ ಅಲ್ಲ, ಡಿಸ್ಟೋನಿಯಾ. ಮೆದುಳಿನಿಂದ ಸ್ನಾಯುಗಳಿಗೆ ತಪ್ಪು ಸಂದೇಶ ಹೋಗುತ್ತಿದೆ. ಮಗುವಿನ ಬುದ್ಧಿ ಚೆನ್ನಾಗಿದೆ, ಮೈ ಮಾತ್ರ ಅವಳ ಕೈಯಲ್ಲಿಲ್ಲ" ಎಂದರು. ತಲೆಯ ಸ್ಕ್ಯಾನ್, ರಕ್ತ ಪರೀಕ್ಷೆಗಳು ಆದವು. ಎಂಟು ತಿಂಗಳು ಬಗೆಬಗೆಯ ಮಾತ್ರೆ ಕೊಟ್ಟು ನೋಡಿದರು. ಹೆಚ್ಚೇನೂ ಫರಕು ಕಾಣಲಿಲ್ಲ. ಆಗ ದೊಡ್ಡ ಆಸ್ಪತ್ರೆಯ ತಂಡಕ್ಕೆ ತೋರಿಸಿದರು. ಅವರು ಶಸ್ತ್ರಚಿಕಿತ್ಸೆಯ ಮಾತು ಎತ್ತಿದರು.

ಆ ಸಂಜೆ ಐಶ್ವರ್ಯಾಳ ಅಪ್ಪ ಪರಶು ಆಸಿಫಾಳನ್ನು ಮನೆಗೆ ಕರೆಸಿದ.

"ತಲಿಯಾಗ ವೈರು ಹಾಕ್ತಾರಂತ. ಖರೇನಾ?"

"ಖರೇ. ಸಣ್ಣ ದಾರದಂಥಾ ಎರಡು ತಂತಿ. ಎದಿ ಚರ್ಮದ ಕೆಳಗ ಸಣ್ಣ ಬ್ಯಾಟರಿ. ಅದು ತಪ್ಪು ಸಂದೇಶಾನ ತಹಬಂದಿಗೆ ತರ್ತೈತಿ."

"ಏನರ ಹೆಚ್ಚುಕಡಿಮಿ ಆದ್ರ?" ಮಾನವ್ವ ನಡುವೆ ಬಾಯಿ ಹಾಕಿದಳು. "ಹೆಂಗರ ಇರಲಿ, ಕಣ್ಣ ಮುಂದ ಅದಾಳ."

"ಭಯ ಇಲ್ಲಂತ ನಾ ಸುಳ್ಳು ಹೇಳೂದಿಲ್ಲ. ರಕ್ತಸ್ರಾವ, ಸೋಂಕು ಆಗಬಹುದು. ಅದಕ್ಕ ಎಲ್ಲಾ ಮಕ್ಕಳಿಗೂ ಇದನ್ನ ಮಾಡೂದಿಲ್ಲ. ಪರೀಕ್ಷೆ ಮಾಡಿ, ಉಪಯೋಗ ಆಗೋ ಮಕ್ಕಳನ್ನ ಆರಿಸ್ತಾರ. ನಮ್ಮ ಐಶ್ವರ್ಯಾಗ ಆಕ್ಕೈತಿ ಅಂತ ಮೂರು ಮಂದಿ ಡಾಕ್ಟರು ಕೂಡಿ ಹೇಳ್ಯಾರ."

ಗೋಡೆಗೆ ಒರಗಿ ಕೂತಿದ್ದ ಐಶ್ವರ್ಯಾ ತುಟಿ ಅಲುಗಿಸಿದಳು. ಒಂದೊಂದು ಮಾತಿಗೂ ಅವಳ ಮುಖವೆಲ್ಲ ಹಿಂಡಿಕೊಳ್ಳುತ್ತಿತ್ತು.

"ಆಯಿ... ಎಲ್ಲಾರ್ನೂ ಕೇಳ್ತಿ. ನನ್ನ ಕೇಳಲಿಲ್ಲ."

"ಏನ್ ಕೇಳ್ಲಿ ಕೂಸ?"

"ನೋಯ್ತೈತೇನು ಅಂತ."

ಮಾನವ್ವ ಅವಳ ಹತ್ತಿರ ಸರಿದಳು. "ನೋಯ್ತೈತೇನು?"

"ದಿನಾ."

ಇಷ್ಟು ವರ್ಷ ಮೊಣಕಾಲು ಅದುಮಿ ಹಿಡಿದ ಕೈಗಳನ್ನು ಮಾನವ್ವ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಎದ್ದಳು. "ಪರಶು, ಲಗೂ ತಾರೀಖು ಕೇಳು. ನಾನೂ ಬರ್ತೇನಿ. ಈ ಸಲ ಯಾರ ಸೆರಗೂ ಜಗ್ಗೂದಿಲ್ಲ."

ಶಸ್ತ್ರಚಿಕಿತ್ಸೆ ಆಯಿತು. ಮೊದಲ ವಾರಗಳಲ್ಲಿ ಏನೂ ಬದಲಾಗಲಿಲ್ಲ. "ಇಷ್ಟಕ್ಕ ಕೂಸಿನ ಕೂದಲಾ ಬೋಳಿಸಿದ್ರೇನು?" ಎಂದು ಮಾನವ್ವ ಗೊಣಗಿದಳು. ವೈದ್ಯರು ತಿಂಗಳಿಗೊಮ್ಮೆ ಕರೆಸಿ ಯಂತ್ರವನ್ನು ಸ್ವಲ್ಪಸ್ವಲ್ಪವೇ ಹೊಂದಿಸಿದರು. ಮೂರನೇ ತಿಂಗಳಿಗೆ ಕುತ್ತಿಗೆಯ ತಿರುಚು ಇಳಿಯಿತು. ಬಲಗಾಲು ಈಗಲೂ ಒಳಕ್ಕೆ ತಿರುಗುತ್ತದೆ, ಮಾತು ಈಗಲೂ ನಿಧಾನ. ವ್ಯಾಯಾಮ ತಪ್ಪಿಸುವಂತಿಲ್ಲ, ಬ್ಯಾಟರಿಯನ್ನೂ ಮುಂದೆ ಬದಲಿಸಬೇಕಾದೀತು. ಆದರೆ ಎಂಟನೇ ತಿಂಗಳಲ್ಲಿ ಒಂದು ದಿನ ಮಾನವ್ವ ತುತ್ತು ಮಾಡಿ ಬಾಯಿಗೆ ಹಿಡಿದಾಗ ಐಶ್ವರ್ಯಾ ಆ ಕೈಯನ್ನು ತಳ್ಳಿಬಿಟ್ಟಳು.

"ಬಿಡು ಆಯಿ. ನಾನ ಉಣ್ತೇನಿ."

ಅರ್ಧ ರೊಟ್ಟಿ ನೆಲಕ್ಕೆ ಬಿತ್ತು, ಅರ್ಧ ಬಾಯಿಗೆ ಹೋಯಿತು. ಮಾನವ್ವ ನೆಲ ಒರೆಸಲೇ ಇಲ್ಲ. ಕೂತು ನೋಡಿದಳು.

ರೋಣ, ನರಗುಂದ, ಗಜೇಂದ್ರಗಡದ ತಾಯಂದಿರೇ, ಅಜ್ಜಿಯರೇ, ನಿಮ್ಮ ಮಗುವಿನ ಕೈಕಾಲು ತಾನಾಗಿ ತಿರುಚುತ್ತಿದ್ದರೆ, ನಿದ್ದೆಯಲ್ಲಿ ಅದು ನಿಲ್ಲುತ್ತಿದ್ದರೆ, ಹಟವೆಂದು ಬಿಡಬೇಡಿ. ವಿಡಿಯೋ ಮಾಡಿ ವೈದ್ಯರಿಗೆ ತೋರಿಸಿ. ಇದ್ದದ್ದನ್ನು ಇದ್ದಂತೆ ಹೇಳಿ. ಕೆಲವರಿಗೆ ಮಾತ್ರೆ ಸಾಕಾಗುತ್ತದೆ, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಯಾವುದು ಎಂಬುದನ್ನು ತಜ್ಞರು ಹೇಳುತ್ತಾರೆ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಅದಕ್ಕೂ ಮೊದಲು, ಇವತ್ತೇ, ಮಗುವಿನ ಹತ್ತಿರ ಕೂತು ನೋಯುತ್ತದೆಯೇ ಎಂದು ಕೇಳಿ.