ಪಂಚಾಂಗದಲ್ಲಿಲ್ಲದ ಉಪವಾಸ

ಉಪೇಂದ್ರ ಪನ್ನೀರಿನ ಬುಡ್ಡಿಯನ್ನು ಮೂರನೆಯ ಸಲ ತಲೆಕೆಳಗು ಮಾಡಿ ಅಣ್ಣನ ಎದೆಯ ಮೇಲೆ ಚಿಮುಕಿಸಿದ. ಐಸ್ ಪೆಟ್ಟಿಗೆಯಿಂದ ತೆಗೆದು ಅಂಗಳದಲ್ಲಿ ಚಟ್ಟದ ಚಾಪೆಯ ಮೇಲೆ ಮಲಗಿಸಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ಹರಿದಾಸನ ಮೈಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ಆದರೂ ಚಿಮುಕಿಸಿದ. ಟಿ. ನಗರದಿಂದ ಕ್ರೋಂಪೇಟೆಯ ಅಣ್ಣನ ಮನೆಗೆ ಬಂದಾಗಲೆಲ್ಲ ಮೂಗಿಗೆ ಕರವಸ್ತ್ರ ಹಿಡಿದೇ ಕಾರಿನಿಂದ ಇಳಿಯುವವನು ಅವನು. ಅಲ್ಲಿನ ಚರ್ಮ ಹದ ಮಾಡುವ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದರೂ ಕರವಸ್ತ್ರ ಮಾತ್ರ ಮೂಗು ಬಿಟ್ಟಿರಲಿಲ್ಲ.

"ಏಕಾದಶಿ ಎಲ್ಲರೂ ಮಾಡ್ತಾರೆ," ಎಂದು ಬಂದವರಿಗೆ ಹೇಳುತ್ತಿದ್ದ. "ನಮ್ಮಣ್ಣ ಹಾಗಲ್ಲ. ಷಷ್ಠಿ ಇರಲಿ, ನವಮಿ ಇರಲಿ, ಇದ್ದಕ್ಕಿದ್ದ ಹಾಗೆ ಬರೀ ನೀರು ಕುಡ್ಕೊಂಡು ಇದ್ದುಬಿಡ್ತಿದ್ದ. ಯಾವ ವ್ರತ ಅಂತ ಕೇಳಿದ್ರೆ ಬಾಯಿ ಬಿಡ್ತಿರ್ಲಿಲ್ಲ. ಪುಣ್ಯಾತ್ಮ." ಆಮೇಲೆ ಒಳಗೆ ತಿರುಗಿ, "ಭಾವನಾ, ಹಾರ್ಲಿಕ್ಸ್ ಆಯ್ತೇನಮ್ಮಾ? ಸಕ್ಕರೆ ಕಮ್ಮಿ," ಎಂದ.

ಗಂಡುಮಕ್ಕಳಿಲ್ಲದ ಅಣ್ಣನಿಗೆ ಬೆಂಕಿ ಇಡಬೇಕಾದವನು ಅವನೇ. ಬೆಂಕಿ ಇಡುವವನು ಅಲ್ಲಿಯವರೆಗೆ ಏನನ್ನೂ ಮುಟ್ಟಬಾರದು. ಆದರೆ ಇವನದು ಆಪರೇಷನ್ ಆದ ಮೈ, ಖಾಲಿ ಹೊಟ್ಟೆ ಕೂಡದು, ಆಚಾರ್ಯರೂ ಹೂಂ ಅಂದಿದ್ದರು. ಆಗಲೇ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ನಿಂತಿದ್ದ ಅವನು ಬರಿಮೈಗೆ ಉತ್ತರೀಯವನ್ನು ಹೊಟ್ಟೆ ಮುಚ್ಚುವ ಹಾಗೆ ಬಿಗಿಯಾಗಿ ಸುತ್ತಿಕೊಂಡಿದ್ದ. ಚಿಕ್ಕಪ್ಪ ಊದಿ ಊದಿ ಹಾರ್ಲಿಕ್ಸ್ ಹೀರುವ ಸದ್ದು ಕೇಳಿ ಭಾವನಾ ಅಡಿಗೆಮನೆಯ ಬಾಗಿಲು ಎಳೆದುಕೊಂಡಳು. ಅಪ್ಪ ಸತ್ತ ದುಃಖಕ್ಕಿಂತ ಮೊದಲು ಈ ಹೇಸಿಗೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಈಗ ಬೇಕಾದದ್ದು ಇನ್ನೊಂದು ಹೆಗಲು. ಚರಂಡಿಗೆಂದು ಬೀದಿಯನ್ನು ಅಗೆದು ಹಾಕಿದ್ದರಿಂದ ಶವದ ವ್ಯಾನು ದೊಡ್ಡ ರಸ್ತೆಯಲ್ಲೇ ನಿಂತಿತ್ತು. ಅಲ್ಲಿಯವರೆಗೆ ಹೊರಬೇಕು. ಹರಿದಾಸನ ಹೆಂಡತಿ ಜಯಲಕ್ಷ್ಮಿಯ ಅಕ್ಕನ ಮಕ್ಕಳು ಇಬ್ಬರು, ಮೇಲಿನ ಮನೆಯವರು ಒಬ್ಬರು, ಒಟ್ಟು ಮೂವರು. ಉಳಿದ ನೆಂಟರಿಗೆಲ್ಲ ಮಂಡಿನೋವು.

ಅಷ್ಟರಲ್ಲಿ ಗೇಟಿನ ಹತ್ತಿರ ಒಬ್ಬ ಗಿಡ್ಡ ಮನುಷ್ಯ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ. ವಯಸ್ಸು ಐವತ್ತರ ಆಚೆ, ಇಸ್ತ್ರಿ ಮಾಡಿದ ಅಂಗಿ, ಅದರಿಂದ ಫಿನಾಯಿಲಿನ ವಾಸನೆ.

"ಮಾಧವರಂ ಜಯಪ್ರಕಾಶ್," ಎಂದ, ಹೊಸೂರು ಕಡೆಯ ಕನ್ನಡದಲ್ಲಿ. "ಅಣ್ಣನ ಜೊತೆ ಕೆಲಸ ಮಾಡ್ತಿದ್ದೋನು."

ಭಾವನಾ ಕಾಫಿ ತಂದಳು. ಅವನು ಲೋಟ ಮುಟ್ಟಲಿಲ್ಲ. "ಬ್ಯಾಡಮ್ಮಾ. ಇವತ್ತು ಅಣ್ಣ ಹೊರಡೋ ದಿನ. ನಾನು ನೀರು ಬಿಟ್ಟು ಏನೂ ತಗೊಳ್ಳಲ್ಲ."

"ಡೈರಿಯವರಾ? ಬನ್ನಿ, ಬನ್ನಿ," ಎಂದ ಉಪೇಂದ್ರ. "ಸರಿಯಾದ ಹೊತ್ತಿಗೆ ಬಂದ್ರಿ. ಒಂದು ಹೆಗಲು ಕಮ್ಮಿ ಇತ್ತು."

"ಡೈರಿ ಅಲ್ಲ ಸಾರ್," ಎಂದ ಜಯಪ್ರಕಾಶ್, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ. "ಹಂದಿ ಶೆಡ್ಡು. ಅಣ್ಣ ಹತ್ತೊಂಬತ್ತು ವರ್ಷ ಅಲ್ಲೇ ಅಲ್ವಾ ಇದ್ದಿದ್ದು."

ಆಚಾರ್ಯರ ಕೈಯಲ್ಲಿದ್ದ ದರ್ಭೆ ಹಾಗೇ ನಿಂತಿತು.

*

ಹರಿದಾಸ ಸುಳ್ಳು ಹೇಳಿದವನಲ್ಲ. ಕೆಲಸ ಎಲ್ಲಿ ಎಂದು ಕೇಳಿದವರಿಗೆ ಮಾಧವರಂ ಎಂದಿದ್ದ, ಅಷ್ಟೇ. ಮಾಧವರಂ ಎಂದರೆ ಹಾಲಿನ ಡೈರಿ ಎಂದು ನೆಂಟರೇ ತೀರ್ಮಾನ ಮಾಡಿಕೊಂಡರು. ತೀರ್ಮಾನ ಕೆಡಿಸಬಾರದೆಂದು ಅವನು ಸಂಜೆ ಬರುವಾಗ ಎರಡು ಪ್ಯಾಕೆಟ್ ಹಾಲು ಕೊಂಡು ತರತೊಡಗಿದ. ಹಬ್ಬದ ದಿನ ಉಪೇಂದ್ರನ ಮನೆಗೂ ಕೊಡುತ್ತಿದ್ದ. ಉಪೇಂದ್ರ ಅದರಲ್ಲೇ ದೇವರಿಗೆ ಅಭಿಷೇಕ ಮಾಡುತ್ತಿದ್ದ.

ಡಾಕ್ಟರುಗಳು ಹಂದಿಗಳ ಮೇಲೆ ಆಪರೇಷನ್ ಪ್ರಯೋಗ ಮಾಡುವ ಶೆಡ್ಡು ಅದು. ಕೆಲಸ ಹೀಗೆ. ಹಂದಿಯ ಪಿತ್ತಜನಕಾಂಗದಲ್ಲಿ ಮುಕ್ಕಾಲು ಭಾಗದಷ್ಟು ಕತ್ತರಿಸಿ ತೆಗೆಯುತ್ತಾರೆ. ಉಳಿದ ತುಂಡು ಬೆಳೆಯುತ್ತದೆ. ಎಷ್ಟು ಬೆಳೆಯುತ್ತದೆ, ಎಷ್ಟು ತೆಗೆದರೆ ಜೀವ ಉಳಿಯುತ್ತದೆ ಎಂದು ಡಾಕ್ಟರುಗಳು ನೋಡುತ್ತಾರೆ. ಆಪರೇಷನ್ ಆದ ಹಂದಿಗೆ ಗಂಜಿ ಕುಡಿಸಿ, ಹೊಲಿಗೆ ಒರೆಸಿ, ಎಬ್ಬಿಸಿ ನಡೆಸುವವನು ಹರಿದಾಸ. ಎರಡು ವಾರದಲ್ಲಿ ಅದು ಅವನ ಕೈಯಿಂದ ಬಾಳೆಹಣ್ಣು ಕಿತ್ತು ತಿನ್ನುವಷ್ಟು ಗಟ್ಟಿಯಾಗುತ್ತಿತ್ತು. ಆಗ ಅದನ್ನು ಕೊಂದು ಪಿತ್ತಜನಕಾಂಗ ತೆಗೆದು ತೂಕ ಮಾಡುತ್ತಿದ್ದರು. ಬೆಳೆದಿದೆ ಎಂದು ತೋರಿಸುವುದಕ್ಕೆ ಬೇರೆ ದಾರಿ ಇರಲಿಲ್ಲವಂತೆ. ಮೊದಲ ತಿಂಗಳು ಹರಿದಾಸ ಬಸ್ ಸ್ಟಾಂಡಿನ ಹಿಂದೆ ನಿಂತು ವಾಂತಿ ಮಾಡಿಕೊಂಡ. ತನ್ನ ಕೈಯೇ ತನಗೆ ಅಸಹ್ಯವಾಗಿ ಎಡಗೈಯಲ್ಲಿ ಉಂಡ.

ಆಪರೇಷನ್ನಿಗೆ ಮುಂಚೆ ಹಂದಿಗೆ ಏನೂ ಹಾಕಬಾರದು, ನೀರು ಮಾತ್ರ. ಖಾಲಿ ತೊಟ್ಟಿಗೆ ಮೂತಿ ಬಡಿದು ಅದು ಕಿರುಚುತ್ತಿದ್ದರೆ ಎದುರಿಗೆ ಕೂತು ಮೊಸರನ್ನ ತಿನ್ನಲು ಅವನಿಂದ ಆಗಲಿಲ್ಲ. ಡಬ್ಬಿ ಮುಚ್ಚಿಟ್ಟ. ಅಂದಿನಿಂದ ಅದು ಅವನ ನೇಮವಾಯಿತು. ಒಂದೊಂದು ಹಂದಿಗೂ ಎರಡು ಉಪವಾಸ, ಕತ್ತರಿಸುವ ದಿನ ಒಂದು, ಕೊಲ್ಲುವ ದಿನ ಒಂದು.

*

"ಹಂದಿ ಹಸ್ಕೊಂಡಿದ್ರೆ ಅಣ್ಣಾನೂ ಉಣ್ತಿರ್ಲಿಲ್ಲ ಸಾರ್," ಎಂದು ಜಯಪ್ರಕಾಶ್ ಹೇಳಿ ಮುಗಿಸಿದ. "ನೋಡಿ ನೋಡಿ ನಂಗೂ ಅದೇ ಅಭ್ಯಾಸ ಆಯ್ತು."

ಉಪೇಂದ್ರ ಹಿತ್ತಲಿಗೆ ಓಡಿದ. ಹಾರ್ಲಿಕ್ಸೆಲ್ಲ ಹೊರಗೆ ಬಂತು. ಬಾಯಿ ಮುಕ್ಕಳಿಸಿ ಬಂದವನ ಮುಖ ಕಪ್ಪಿಟ್ಟಿತ್ತು.

"ಹಂದಿಗೆ ಮಾಡಿದ ಉಪವಾಸಾನ ನಾನು ಊರೆಲ್ಲ ವ್ರತ ಅಂತ ಹೇಳ್ಕೊಂಡು ತಿರುಗಿದೆನಲ್ಲ. ಅದೇ ಕೈಯಲ್ಲಿ ತಂದ ಹಾಲು ದೇವರ ತಲೆ ಮೇಲೆ ಹುಯ್ದೆನಲ್ಲ." ಜಯಪ್ರಕಾಶನ ಕಡೆ ಬೆರಳು ಮಾಡಿದ. "ಈ ಆಳು ಚಟ್ಟ ಮುಟ್ಟಿದ್ರೆ ನಾನು ಬೆಂಕಿ ಹಿಡಿಯಲ್ಲ. ಆಚಾರ್ರೇ, ನೀವೇ ಹೇಳಿ."

ಆಚಾರ್ಯರು ಪಂಚಾಂಗದ ಹಾಳೆ ತಿರುವಿದರು. ಅದರಲ್ಲಿ ಇದಕ್ಕೆ ಏನೂ ಬರೆದಿರಲಿಲ್ಲ.

ಜಯಪ್ರಕಾಶ್ ಆಗಲೇ ಚಪ್ಪಲಿ ಹುಡುಕುತ್ತಿದ್ದ. "ತಪ್ಪಾಯ್ತಮ್ಮಾ. ಮನೇಲಿ ಗೊತ್ತು ಅಂದ್ಕೊಂಡೆ."

"ನೀಂಗ ಇರುಂಗ ಅಂಕಲ್," ಎಂದು ಭಾವನಾ ತಮಿಳಿನಲ್ಲೇ ಹೇಳಿ, ಅವನು ಹೋಗದಂತೆ ದಾರಿಗೆ ಅಡ್ಡ ನಿಂತಳು. ಅವಳಿಗೂ ಗೊತ್ತಿರಲಿಲ್ಲ. ಅಪ್ಪ ಬಂದೊಡನೆ ಹಿತ್ತಲಲ್ಲಿ ಮಿಂದು ಒಳಗೆ ಬರುತ್ತಿದ್ದುದನ್ನು ಮಡಿ ಎಂದುಕೊಂಡಿದ್ದಳು. ಈಗ ಅಪ್ಪನನ್ನು ಇಷ್ಟು ಹತ್ತಿರದಿಂದ ಬಲ್ಲವನು ಒಬ್ಬನೇ ಒಬ್ಬ ಬಂದಿದ್ದಾನೆ, ಅವನನ್ನು ಗೇಟಿನಿಂದಲೇ ಅಟ್ಟಿಬಿಟ್ಟರೆ ಅಪ್ಪನನ್ನೇ ಅಟ್ಟಿದ ಹಾಗೆ. ಮೈಯೆಲ್ಲ ಉರಿಯಿತು, ಆದರೆ ಕನ್ನಡದಲ್ಲಿ ಮಾತು ಸಿಗಲಿಲ್ಲ.

ಮಾತಾಡಿದವಳು ಜಯಲಕ್ಷ್ಮಿ. ಬೆಳಗಿನಿಂದ ಗೋಡೆಗೆ ಒರಗಿ ಕೂತವಳು ಕೂತಲ್ಲಿಂದಲೇ ಕೇಳಿದಳು.

"ಉಪೇಂದ್ರಾ, ನಿನ್ನ ಹೊಟ್ಟೆ ಕೊಯ್ದ ಡಾಕ್ಟರು ಕೈ ಪಳಗಿಸಿಕೊಂಡಿದ್ದು ಎಲ್ಲಿ ಗೊತ್ತೇನೋ?"

*

ಎರಡು ವರ್ಷದ ಹಿಂದೆ ಉಪೇಂದ್ರನ ಪಿತ್ತಜನಕಾಂಗದಲ್ಲಿ ಗಡ್ಡೆ ಕಂಡಿತು. ಮೂರರಲ್ಲಿ ಎರಡು ಪಾಲು ತೆಗೆಯಬೇಕು, ಉಳಿದದ್ದು ಬೆಳೆಯುತ್ತದೆ ಎಂದರು ಡಾಕ್ಟರು. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಸಹಿ ಹಾಕಿದ ಉಪೇಂದ್ರ ಗ್ಯಾರಂಟಿ ಏನು ಎಂದು ಕೇಳಿದ.

"ಎಷ್ಟೋ ಸಲ ಕಣ್ಣಾರೆ ನೋಡಿದ್ದೀನಿ," ಎಂದು ಡಾಕ್ಟರು ತಲೆ ಎತ್ತಿದರು. ಮಂಚದ ಹಿಂದೆ ನಿಂತಿದ್ದ ಹರಿದಾಸನನ್ನು ಕಂಡು ಅವರ ಮುಖ ಅರಳಿತು. ಹರಿದಾಸ ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದ. ಬಾಗಿಲ ಬಳಿ ಇದ್ದ ಜಯಲಕ್ಷ್ಮಿ ಎರಡನ್ನೂ ನೋಡಿದಳು. ಗಂಡನ ಮೈವಾಸನೆ ಹಾಲಿನದಲ್ಲ ಎಂದು ಅವಳಿಗೆ ಹದಿನೇಳು ವರ್ಷದಿಂದ ಗೊತ್ತಿತ್ತು. ಆ ವಾಸನೆಯ ಜಾಗಕ್ಕೆ ಈ ಡಾಕ್ಟರೂ ಹೋಗಿದ್ದವರು ಎಂದು ಆಗ ಹೊಳೆಯಿತು.

ಮರುದಿನ ಸ್ಟ್ರೆಚರಿನ ಮೇಲೆ ಉಪೇಂದ್ರ ಮಗುವಿನ ಹಾಗೆ ನಡುಗಿದ. ಹರಿದಾಸ ಬಗ್ಗಿ ತಮ್ಮನ ಬಲಗಿವಿಯ ಹಿಂದೆ ಎರಡು ಬೆರಳಿಟ್ಟು ಮೆತ್ತಗೆ ಕೆರೆದ.

"ಆಯ್ತು ಕಂದಾ, ಆಯ್ತು. ಇಷ್ಟೇ."

ನಡುಕ ನಿಂತಿತು. ಅಣ್ಣ ಎಂದೂ ಹಾಗೆ ಮುದ್ದಿಸಿದವನಲ್ಲ ಎಂದು ಉಪೇಂದ್ರ ಆಮೇಲೆ ಎಲ್ಲರ ಹತ್ತಿರವೂ ಹೇಳಿಕೊಂಡಿದ್ದ. ಹರಿದಾಸ ಆ ದಿನವೂ ಬರೀ ನೀರು ಕುಡಿದು ಹೊರಗಿನ ಬೆಂಚಿನ ಮೇಲೆ ಕೂತಿದ್ದ.

*

"ಸುಳ್ಳು," ಎಂದ ಉಪೇಂದ್ರ. ಉತ್ತರೀಯವನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡ. "ಮನುಷ್ಯನಿಗೂ ಹಂದಿಗೂ ಏನು ಹೋಲಿಕೆ? ನಾನು ಬೆಂಕಿ ಮುಟ್ಟಲ್ಲ."

"ವೇಣ್ಡಾಂ ಚಿತ್ತಪ್ಪಾ," ಎಂದಳು ಭಾವನಾ. ಈಗ ಕನ್ನಡದ ಮಾತೂ ಸಿಕ್ಕಿತ್ತು. "ನೀವು ಮುಟ್ಟಬೇಡಿ. ಬೆಂಕಿ ನಾನು ಹಿಡೀತೀನಿ. ಅಂಕಲ್ ಹೆಗಲು ಕೊಡ್ತಾರೆ."

ಕೆಂಡದ ಮಡಕೆಯ ಹಗ್ಗವನ್ನು ಅವಳೇ ಎತ್ತಿಕೊಂಡಳು. ಜಯಲಕ್ಷ್ಮಿ ಬೇಡ ಎನ್ನಲಿಲ್ಲ. ಆಚಾರ್ಯರು ಪಂಚಾಂಗ ಮುಚ್ಚಿ, "ಹೊತ್ತಾಯಿತು, ಎತ್ತಿ," ಎಂದರು.

ಜಯಪ್ರಕಾಶ್ ಚಟ್ಟದ ತಲೆಭಾಗಕ್ಕೆ ಬಂದ. ಕೂಡಲೇ ಎತ್ತಲಿಲ್ಲ. ಮಂಡಿಯೂರಿ ಹರಿದಾಸನ ಕಿವಿಯ ಹಿಂದೆ ಎರಡು ಬೆರಳಿಟ್ಟು, ಆಪರೇಷನ್ ಕೋಣೆಗೆ ತಳ್ಳುವ ಮುಂಚೆ ಶೆಡ್ಡಿನಲ್ಲಿ ಒಂದೊಂದು ಹಂದಿಗೂ ಹರಿದಾಸ ಮಾಡುತ್ತಿದ್ದ ಹಾಗೆಯೇ, ಮೆತ್ತಗೆ ಕೆರೆದ.

"ಆಯ್ತು ಕಂದಾ, ಆಯ್ತು. ಇಷ್ಟೇ."

ಚಟ್ಟ ಮೇಲೆದ್ದಿತು. ಉಪೇಂದ್ರನ ಬಲಗೈ ಉತ್ತರೀಯವನ್ನು ಬಿಟ್ಟು ತಾನಾಗಿ ಕಿವಿಯ ಹಿಂದಕ್ಕೆ ಹೋಗಿ ಅಲ್ಲೇ ನಿಂತಿತು. ಉತ್ತರೀಯ ಜಾರಿ ಕಾಲ ಬಳಿ ಬಿತ್ತು. ಬಿಸಿಲಿನಲ್ಲಿ ಎದೆಗೂಡಿನಿಂದ ಹೊಕ್ಕುಳವರೆಗೆ ಇಳಿದ ಹೊಲಿಗೆಯ ಗೆರೆ ಹೊಳೆಯಿತು. ಹೊತ್ತುಕೊಂಡು ದಾಟುವಾಗ ಜಯಪ್ರಕಾಶನ ಕಣ್ಣು ಶೆಡ್ಡಿನಲ್ಲಿ ಹೊಲಿಗೆ ನೋಡಿದ ಅಭ್ಯಾಸದಿಂದ ಅದರ ಮೇಲೆ ಮೇಲಿನಿಂದ ಕೆಳಗಿನವರೆಗೆ ಓಡಿತು.

"ಚೆನ್ನಾಗಿ ಕೂಡ್ಕೊಂಡಿದೆ ಸಾರ್," ಎಂದ ಅವನು, ಹೆಗಲು ಬದಲಿಸುತ್ತ.